ಡಿಜಿಟಲ್ ತಂತ್ರಜ್ಞಾನದಿಂದ ಪೂರೈಕೆ ಸರಪಳಿಯಲ್ಲಿ ಏನು ಬದಲಾಗಿದೆ?

ಮುಖ್ಯವಾಗಿ ಊಹೆಯ ಕೆಲಸ ಕಡಿಮೆಯಾಗಿದೆ. ಮೊದಲು ಅಂಗಡಿಯಲ್ಲಿ ಮಾರಾಟ ತುಸು ಏರಿದರೆ ಸಗಟು ವ್ಯಾಪಾರಿ 'ಇರಲಿ' ಅಂತ ಇನ್ನೂ ಹೆಚ್ಚು ಆರ್ಡರ್ ಹಾಕುತ್ತಿದ್ದ, ಕಾರ್ಖಾನೆ ಅದಕ್ಕೂ ಮಿಗಿಲಾಗಿ ತಯಾರಿಸುತ್ತಿತ್ತು; ಕೊನೆಗೆ ಗೋದಾಮು ತುಂಬಿ ಸರಕು ಉಳಿಯುತ್ತಿತ್ತು. ಇದಕ್ಕೆ ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ. ಬಿಲ್ಲಿಂಗ್ ಕೌಂಟರಿನ ಲೆಕ್ಕ ಆಗಿಂದಾಗಲೇ ಕಾರ್ಖಾನೆಗೂ ಕಂಡರೆ ಈ ಉಬ್ಬರ ಇಳಿಯುತ್ತದೆ.

1974ರಲ್ಲಿ ಅಂಗಡಿಗೆ ಕಾಲಿಟ್ಟ ಬಾರ್‌ಕೋಡನ್ನು ಒಂದೊಂದಾಗಿ ಸ್ಕ್ಯಾನ್ ಮಾಡಬೇಕು. ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು (ರೇಡಿಯೊ ಅಲೆಗಳ ಮೂಲಕ ಸರಕಿನ ಗುರುತು ತಿಳಿಸುವ ಪುಟ್ಟ ಚಿಪ್‌ಗಳು) ಪೆಟ್ಟಿಗೆ ಬಿಚ್ಚದೆ ಒಟ್ಟಿಗೇ ಓದಬಹುದು. ಲಸಿಕೆಯ ಪೆಟ್ಟಿಗೆ ಬಿಸಿಯಾದರೆ ಸೆನ್ಸರ್ ದಾರಿಯಲ್ಲೇ ಎಚ್ಚರಿಸುತ್ತದೆ.

ಅಪಾಯವೂ ಇದೆ: 2017ರಲ್ಲಿ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ (ಕಂಪ್ಯೂಟರ್ ಕೆಡಿಸುವ ಸಾಫ್ಟ್‌ವೇರ್) ದಾಳಿಗೆ ಮೇರ್ಸ್ಕ್ ಹಡಗು ಕಂಪನಿಯ ಹಲವು ಬಂದರು ಟರ್ಮಿನಲ್‌ಗಳು ಸ್ತಬ್ಧವಾಗಿದ್ದವು.