ಡ್ರ್ಯಾಗ್ ರೇಸರ್ (ನೇರ ಹಾದಿಯ ಕಿರು ಓಟದ ಕಾರು ಚಾಲಕ) ಡಾನ್ ಗಾರ್ಲಿಟ್ಸ್ ಎಂಜಿನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿದ್ದು ಯಾಕೆ?

1970ರ ಮಾರ್ಚ್ 8ರ ಅಪಘಾತದಿಂದಾಗಿ. ಡ್ರ್ಯಾಗ್ ರೇಸಿನ ಅತಿ ವೇಗದ ವರ್ಗವಾದ ಟಾಪ್ ಫ್ಯೂಯೆಲ್‌ನ ಆಗಿನ ಕಾರುಗಳಲ್ಲಿ ಎಂಜಿನ್ ಮುಂದಿರುತ್ತಿತ್ತು. ಚಾಲಕ ಹಿಂದಿನ ಆಕ್ಸಲ್‌ಗೂ ಹಿಂದೆ, ಕ್ಲಚ್ಚು ಗೇರ್‌ಬಾಕ್ಸುಗಳ ಪಕ್ಕದಲ್ಲೇ ಕಾಲು ಚಾಚಿ ಕೂರಬೇಕು. ನೈಟ್ರೋಮೀಥೇನ್ ಇಂಧನ ಕುಡಿಯುವ ಎಂಜಿನ್ ಒಡೆದರೆ ಬಿಸಿ ಎಣ್ಣೆ, ಬೆಂಕಿ ಎರಡೂ ನೇರ ಮುಖಕ್ಕೆ. ಅಂದು ಕ್ಯಾಲಿಫೋರ್ನಿಯಾದ ಲಯನ್ಸ್ ಸ್ಟ್ರಿಪ್‌ನಲ್ಲಿ, ಓಟ ಶುರುವಾಗುವಾಗಲೇ ಎರಡು ಗೇರಿನ ಟ್ರಾನ್ಸ್‌ಮಿಷನ್ ಸಿಡಿದು ಕಾರು ಎರಡು ಹೋಳಾಯಿತು. ಗಾರ್ಲಿಟ್ಸ್ ಬಲಪಾದದ ಒಂದು ಭಾಗ ಕಳೆದುಕೊಂಡರು.

ಹಿಂದೆ ಎಂಜಿನ್ ಇಡುವ ಪ್ರಯತ್ನಗಳು ಮೊದಲೂ ನಡೆದಿದ್ದವು, ಆದರೆ ಕಾರು ನೆಟ್ಟಗೆ ಓಡುತ್ತಿರಲಿಲ್ಲ. ಎಂಜಿನ್ ಹಿಂದಿದ್ದ ಅವರ ಹೊಸ ಕಾರು ‘ಸ್ವಾಂಪ್ ರ‍್ಯಾಟ್ 14’ಕ್ಕೂ ಪರೀಕ್ಷೆಯಲ್ಲಿ ಇದೇ ಕಾಟ. ತೊಂದರೆ ಇದ್ದದ್ದು ಸ್ಟಿಯರಿಂಗಿನಲ್ಲಿ: ಅದು ತೀರಾ ಚುರುಕಾಗಿದ್ದು, ಸ್ವಲ್ಪ ತಿರುಗಿಸಿದರೂ ಚಕ್ರ ಹೆಚ್ಚು ಹೊರಳುತ್ತಿತ್ತು, ಸರಿಪಡಿಸಲು ಹೋದಷ್ಟೂ ಓಲಾಟ. ಅನುಪಾತ ಬದಲಿಸಿ ಅದನ್ನು ನಿಧಾನಗೊಳಿಸಿದ ಮೇಲೆ ಕಾರು ಗೆರೆ ಎಳೆದಂತೆ ಓಡಿತು. ನನ್ನ ಪ್ರಕಾರ ಇಡೀ ವಿನ್ಯಾಸದಲ್ಲಿ ನಿರ್ಣಾಯಕವಾದದ್ದು ಈ ಸಣ್ಣ ತಿದ್ದುಪಡಿಯೇ.

1971ರ ಪೊಮೋನಾ ವಿಂಟರ್‌ನ್ಯಾಷನಲ್ಸ್‌ನಲ್ಲಿ ಆ ಕಾರು ಗೆದ್ದಿತು. ಕೆಲವೇ ವರ್ಷಗಳಲ್ಲಿ ಟಾಪ್ ಫ್ಯೂಯೆಲ್‌ನಿಂದ ಮುಂಬದಿಯ ಎಂಜಿನ್ ಮರೆಯಾಯಿತು.