ಸಿಸಿಎನ್‌ಎಗೆ ಮನೆಯಲ್ಲೇ ಓದಿ ತಯಾರಾಗುವುದು ಹೇಗೆ?

ಕೋಚಿಂಗ್‌ಗೆ ಹೋಗದೆ ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪ್ರಮಾಣಪತ್ರ ಪರೀಕ್ಷೆ) ಪಾಸು ಮಾಡಬಹುದಾ, ಅದಕ್ಕೆ ಹಳೆಯ ರೂಟರ್, ಸ್ವಿಚ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಖಂಡಿತ ಪಾಸು ಮಾಡಬಹುದು, ಏನೂ ಕೊಳ್ಳಬೇಕಿಲ್ಲ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಕಂಪ್ಯೂಟರ್‌ನಲ್ಲೇ ರೂಟರ್, ಸ್ವಿಚ್ ಜೋಡಿಸಿ ಅಭ್ಯಾಸ ಮಾಡುವ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಈ ಹಂತಕ್ಕೆ ಅದು ಸಾಕು.

ಪರೀಕ್ಷೆಯ ಸಂಖ್ಯೆ 200-301, ಅವಧಿ 120 ನಿಮಿಷ. ಹೆಚ್ಚಿನ ತೂಕ ಐಪಿ ಕನೆಕ್ಟಿವಿಟಿಗೆ, 25%. ನೆಟ್‌ವರ್ಕ್ ಫಂಡಮೆಂಟಲ್ಸ್ ಮತ್ತು ನೆಟ್‌ವರ್ಕ್ ಆಕ್ಸೆಸ್‌ಗೆ ತಲಾ 20%, ಸೆಕ್ಯುರಿಟಿಗೆ 15%, ಐಪಿ ಸರ್ವೀಸಸ್ ಮತ್ತು ಆಟೊಮೇಷನ್‌ಗೆ ತಲಾ 10%. ಒಮ್ಮೆ ಮುಂದಿನ ಪ್ರಶ್ನೆಗೆ ಹೋದರೆ ಹಿಂದಕ್ಕೆ ಬರುವಂತಿಲ್ಲ, ಕ್ಯಾಲ್ಕುಲೇಟರ್ ಕೂಡ ಇಲ್ಲ.

ಆದ್ದರಿಂದ ಮೊದಲು ಸಬ್‌ನೆಟ್ಟಿಂಗ್, ಅಂದರೆ ಒಂದು ನೆಟ್‌ವರ್ಕ್‌ನ ವಿಳಾಸಗಳನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ಲೆಕ್ಕ. 192.168.10.77/27 ಎಂದು ಕೊಟ್ಟರೆ ಕೈ ತಾನಾಗಿ ಓಡಬೇಕು: /27 ಅಂದರೆ ಮೊದಲ 27 ಬಿಟ್ ನೆಟ್‌ವರ್ಕ್‌ನದು, ಹಾಗಾಗಿ ಮಾಸ್ಕ್ 255.255.255.224, 256ರಲ್ಲಿ 224 ಕಳೆದರೆ ಬ್ಲಾಕ್ 32. 0, 32, 64, 96 ಎಂದು ಎಣಿಸಿದರೆ 77 ಬೀಳುವುದು 64ರ ಬ್ಲಾಕ್‌ನಲ್ಲಿ. ನೆಟ್‌ವರ್ಕ್ .64, ಬ್ರಾಡ್‌ಕಾಸ್ಟ್ .95, ಹೋಸ್ಟ್‌ಗಳಿಗೆ .65ರಿಂದ .94ರವರೆಗೆ 30 ವಿಳಾಸ. ಅರ್ಧ ನಿಮಿಷದೊಳಗೆ ಬರುವವರೆಗೂ ದಿನಾ ಹತ್ತು ಲೆಕ್ಕ ಮಾಡಿ. ಇದನ್ನು ಅರೆಬರೆ ಬಿಟ್ಟು ಓಎಸ್‌ಪಿಎಫ್‌ಗೆ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ವಿಧಾನ) ಹೋದವರು ಅಲ್ಲೂ ಒದ್ದಾಡುತ್ತಾರೆ, ಯಾಕೆಂದರೆ ಅಲ್ಲಿ ಬಳಸುವ ವೈಲ್ಡ್‌ಕಾರ್ಡ್ ಮಾಸ್ಕ್ ಈ ಮಾಸ್ಕಿನದೇ ತಿರುವುಮುರುವು, /27ಕ್ಕೆ 0.0.0.31.

ಲ್ಯಾಬ್‌ಗೆ ಒಂದು ರೂಟರ್, ಎರಡು ಸ್ವಿಚ್, ನಾಲ್ಕು ಪಿಸಿ ಇಟ್ಟುಕೊಳ್ಳಿ. ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) 10 ಮತ್ತು 20 ಮಾಡಿ, ಸ್ವಿಚ್‌ಗಳ ನಡುವೆಯೂ ರೂಟರ್ ಕಡೆಗೂ ಟ್ರಂಕ್ (ಹಲವು ವಿಲ್ಯಾನ್‌ಗಳ ಸಂಚಾರ ಸಾಗಿಸುವ ಕೊಂಡಿ) ಹಾಕಿ, ರೂಟರ್‌ನಲ್ಲಿ ಸಬ್‌ಇಂಟರ್‌ಫೇಸ್‌ಗಳಿಗೆ (ಒಂದೇ ಪೋರ್ಟನ್ನು ವಿಲ್ಯಾನ್‌ಗೊಂದರಂತೆ ಹಂಚಿದ ಭಾಗಗಳು) ಐಪಿ ಕೊಡಿ. ಪಿಂಗ್ ಬಂದಿತೆಂದು ಅಲ್ಲಿಗೇ ಮುಗಿಸಬೇಡಿ. ನಿಜವಾದ ಕಲಿಕೆ ಇರುವುದು ಅದನ್ನು ಬೇಕೆಂದೇ ಕೆಡಿಸಿ ನೋಡುವುದರಲ್ಲಿ. ಟ್ರಂಕ್ ಮೇಲೆ 10, 20 ಮಾತ್ರ ಬಿಟ್ಟಿದ್ದಾಗ, ಆಡ್ ಪದ ಸೇರಿಸದೆ ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30 ಎಂಬ ಆದೇಶ ಕೊಡಿ. ಹಳೆಯ ಪಟ್ಟಿ ಅಳಿಸಿ 30 ಒಂದೇ ಉಳಿಯುತ್ತದೆ, 10 ಮತ್ತು 20ರ ಸಂಚಾರ ನಿಂತುಹೋಗುತ್ತದೆ. ಕಚೇರಿಯ ನೆಟ್‌ವರ್ಕ್‌ನಲ್ಲಿ ಇದೇ ತಪ್ಪು ಇಡೀ ಮಹಡಿಯನ್ನು ನಿಲ್ಲಿಸಬಲ್ಲದು. ಶೋ ಇಂಟರ್‌ಫೇಸಸ್ ಟ್ರಂಕ್ ಆದೇಶ ಕೊಟ್ಟು ಅದು ಎಲ್ಲಿ ಕಾಣಿಸುತ್ತದೆ ನೋಡಿ.

ಓಎಸ್‌ಪಿಎಫ್‌ಗೂ ಇದೇ ವಿಧಾನ. ಎರಡು ರೂಟರ್ ಜೋಡಿಸಿ, ಒಂದರ ಹಲೋ ಟೈಮರ್ (ನೆರೆ ರೂಟರ್‌ಗೆ ‘ಇದ್ದೇನೆ’ ಎಂದು ಹೇಳುವ ಅಂತರ) 10 ಸೆಕೆಂಡಿನಿಂದ 5ಕ್ಕೆ ಇಳಿಸಿ. ಡೆಡ್ ಟೈಮರ್ (ಹಲೋಗಾಗಿ ಕಾಯುವ ಗಡುವು) ಮುಗಿದೊಡನೆ ನೆರೆ ಸಂಬಂಧ ಕಡಿದುಹೋಗುತ್ತದೆ. ಏರಿಯಾ (ಓಎಸ್‌ಪಿಎಫ್ ನೆಟ್‌ವರ್ಕ್‌ನ ವಿಭಾಗ) ಸಂಖ್ಯೆ ಬೇರೆಯಾದರೆ ನೆರೆ ರೂಟರ್ ಕಾಣಿಸುವುದೇ ಇಲ್ಲ. ಎಂಟಿಯು (ಒಮ್ಮೆಗೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬೇರೆಯಾಗಿದ್ದರೆ ಸಂಬಂಧ ಪೂರ್ತಿಯಾಗದೆ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ.

ರೂಟಿಂಗ್ ಟೇಬಲ್ ಕೊಟ್ಟು ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ ಎಂದು ಕೇಳಿದಾಗ ತುಂಬ ಜನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್‌ಗೆ (ದಾರಿ ತಿಳಿದ ಮೂಲ ಎಷ್ಟು ನಂಬಿಕಸ್ಥ ಎಂಬ ಅಂಕಿ, ಕಡಿಮೆಯಿದ್ದಷ್ಟೂ ಮೇಲು) ಕೈಹಾಕಿ ಜಾರುತ್ತಾರೆ. 10.1.0.0/16ಕ್ಕೆ ಸ್ಟ್ಯಾಟಿಕ್ (ಕೈಯಾರೆ ಬರೆದ) ರೂಟ್, 10.1.1.0/24ಕ್ಕೆ ಓಎಸ್‌ಪಿಎಫ್ ರೂಟ್ ಇದ್ದರೆ, 10.1.1.9ಕ್ಕೆ ಹೋಗುವ ಪ್ಯಾಕೆಟ್ ಹಿಡಿಯುವುದು ಓಎಸ್‌ಪಿಎಫ್ ದಾರಿಯನ್ನೇ. ಮೊದಲು ಉದ್ದದ ಪ್ರಿಫಿಕ್ಸ್, ಅಂದರೆ ಇಲ್ಲಿ /16ಕ್ಕಿಂತ /24, ಗೆಲ್ಲುತ್ತದೆ. ಸ್ಟ್ಯಾಟಿಕ್‌ನ 1 ಮತ್ತು ಓಎಸ್‌ಪಿಎಫ್‌ನ 110ರ ಹೋಲಿಕೆ ಬರುವುದು ಪ್ರಿಫಿಕ್ಸ್ ಒಂದೇ ಆಗಿದ್ದಾಗ ಮಾತ್ರ.

ಡಂಪ್‌ಗಳನ್ನು (ಪರೀಕ್ಷೆಯಿಂದ ಕದ್ದು ಹಂಚುವ ಪ್ರಶ್ನೋತ್ತರಗಳು) ಮುಟ್ಟಬೇಡಿ. ಅದು ಸಿಸ್ಕೋದ ನಿಯಮಕ್ಕೆ ವಿರುದ್ಧ, ಮೇಲಾಗಿ ಅವುಗಳಲ್ಲಿ ತಪ್ಪು ಉತ್ತರಗಳೂ ಇರುತ್ತವೆ. ಶುಲ್ಕ ಕಟ್ಟುವ ಮೊದಲು ಸಿಸ್ಕೋ ತಾಣದಲ್ಲಿರುವ ಪರೀಕ್ಷಾ ವಿಷಯಗಳ ಪಟ್ಟಿ ಇಳಿಸಿಕೊಂಡು, ಕಾನ್ಫಿಗರ್ ಎಂದು ಬರೆದಿರುವ ಪ್ರತಿ ಸಾಲನ್ನೂ ಪುಸ್ತಕ ನೋಡದೆ ಖಾಲಿ ಲ್ಯಾಬ್‌ನಲ್ಲಿ ಮಾಡಿ. ಎಲ್ಲಿ ತಡವರಿಸುತ್ತೀರೋ ಆ ಸಾಲಿಗೆ ಗುರುತು ಹಾಕಿ. ಗುರುತುಗಳೆಲ್ಲ ಮುಗಿದ ಮೇಲೆ ದಿನ ಗೊತ್ತುಮಾಡಿಕೊಳ್ಳಿ.