ಅಲಬಾಮದ ಹಳ್ಳಿಗಾಡಿಗೆ ಬರುವ ಡಾಕ್ಟರಿಗೆ, ಮಗಳ ಶಾಲೆಯ ಕುರಿತು

ಡಾಕ್ಟರೇ, ಮೂರು ವರ್ಷದ ಗ್ರಾಮೀಣ ಸೇವೆಯ ಕರಾರಿನ ಮೇಲೆ ಅಮೆರಿಕದ ಅಲಬಾಮ ರಾಜ್ಯದ ಸಮ್‌ಟರ್ ಕೌಂಟಿಗೆ (ನಮ್ಮ ಜಿಲ್ಲೆಯಂತೆ) ಬರಲಿರುವ ನೀವು, ಮಗಳನ್ನು ಚಾರ್ಟರ್ ಶಾಲೆಗೆ ಸೇರಿಸಬಹುದೇ, ಡೊನೇಷನ್ ಎಷ್ಟಾದೀತು ಎಂದು ಕೇಳಿದ್ದೀರಿ. ಡೊನೇಷನ್ ಇಲ್ಲ, ಫೀಸೂ ಇಲ್ಲ. ಚಾರ್ಟರ್ ಶಾಲೆಯೆಂದರೆ ನಮ್ಮ ಅನುದಾನಿತ ಶಾಲೆಗಳ ಹಾಗೆ, ಹಣ ಸರ್ಕಾರದ್ದು, ಆಡಳಿತ ಬೇರೆ ಮಂಡಳಿಯದ್ದು. ಅರ್ಜಿಗಳು ಹೆಚ್ಚಾದರೆ ಆರ್‌ಟಿಇ ಸೀಟಿನಂತೆ ಲಾಟರಿ ಎತ್ತುತ್ತಾರೆ. ಲಸಿಕೆಯ ದಾಖಲೆಗಳನ್ನು ಮರೆಯದೆ ತನ್ನಿ. ಉಳಿದದ್ದನ್ನು ಶಾಲೆಯ ಕಚೇರಿಯವರೇ ಹೇಳುತ್ತಾರೆ.

ಇದೇ ಬಗೆಯ ಕರಾರಿನ ಮೇಲೆ ನಾನು ಬಂದಾಗ ಇಲ್ಲಿ ಚಾರ್ಟರ್ ಕಾನೂನೇ ಇರಲಿಲ್ಲ. ಮಿನೆಸೋಟ ರಾಜ್ಯ 1991ರಲ್ಲಿ ಮಾಡಿದ್ದನ್ನು ಅಲಬಾಮ 2015ರಲ್ಲಿ ಮಾಡಿತು. ಅಂದು ಸಹೋದ್ಯೋಗಿಗಳು ತೋರಿಸಿದ್ದು ಎರಡೇ ದಾರಿ: ಕಪ್ಪು ಜನಾಂಗದ ಮಕ್ಕಳೇ ತುಂಬಿದ್ದ ಸರ್ಕಾರಿ ಶಾಲೆ, ಇಲ್ಲವೇ ಬಿಳಿಯರು ಫೀಸು ಕೊಟ್ಟು ಓದಿಸುತ್ತಿದ್ದ ಖಾಸಗಿ ಅಕಾಡೆಮಿ. 2018ರಲ್ಲಿ ಲಿವಿಂಗ್‌ಸ್ಟನ್‌ನ ವೆಸ್ಟ್ ಅಲಬಾಮ ವಿಶ್ವವಿದ್ಯಾಲಯದ ಆಸರೆಯಲ್ಲಿ ಯೂನಿವರ್ಸಿಟಿ ಚಾರ್ಟರ್ ಸ್ಕೂಲ್ ತೆರೆದು, ಎರಡೂ ಜನಾಂಗದ ಮಕ್ಕಳು ಹೆಚ್ಚುಕಡಿಮೆ ಸರಿಸಮನಾಗಿ ಒಂದೇ ತರಗತಿಯಲ್ಲಿ ಕುಳಿತಾಗ, ಹೊರಗಿನವನಾದ ನನಗೂ ಹೆಮ್ಮೆಯೆನಿಸಿತು.

ಆದರೆ ಬೆಂಗಳೂರಿನಲ್ಲಿ ಇನ್ನೊಂದು ಶಾಲೆ ತೆರೆದಂತಲ್ಲ ಇದು. ಮಕ್ಕಳೇ ಕಡಿಮೆಯಿರುವ ಕಡೆ ರಾಜ್ಯದ ಅನುದಾನ ತಲೆ ಲೆಕ್ಕದಲ್ಲಿ ಬರುತ್ತದೆ. ಕೆಲವು ಮಕ್ಕಳು ಬಿಟ್ಟುಹೋದರೂ ಹಳೆಯ ಶಾಲೆಯ ಕಟ್ಟಡದ ಖರ್ಚು ಇಳಿಯುವುದಿಲ್ಲ, ಹೋಗುವುದು ಮೇಷ್ಟರ ಹುದ್ದೆ. ನಮ್ಮ ಕಡೆ ಹಳ್ಳಿಗಳಿಗೆ ಕಾನ್ವೆಂಟಿನ ವ್ಯಾನು ಬರತೊಡಗಿದ ಮೇಲೆ ಕನ್ನಡ ಶಾಲೆಗಳಿಗೆ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಇಲ್ಲಂತೂ ಆ ವ್ಯಾನೂ ಖಾತ್ರಿಯಲ್ಲ: ಚಾರ್ಟರ್ ಶಾಲೆ ಬಸ್ಸು ಕಳಿಸುವುದು ರಾಜ್ಯಕ್ಕೊಂದು, ಶಾಲೆಗೊಂದು ರೀತಿ. ನನ್ನಲ್ಲಿಗೆ ಬರುವ ಅಜ್ಜಿಯೊಬ್ಬರ ಮೊಮ್ಮಗನಿಗೆ ದೂರದ ಚಾರ್ಟರ್ ಶಾಲೆಯೊಂದರ ಲಾಟರಿಯಲ್ಲಿ ಸೀಟು ಬಂತು. ಅಜ್ಜಿಗೆ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಬೆಳಕು ಹರಿಯುವ ಮುನ್ನವೇ ಪಾಳಿ, ಮನೆಯಲ್ಲಿ ಇರುವುದು ಒಂದೇ ಕಾರು. ಆ ಸೀಟು ಕಾಯುವ ಪಟ್ಟಿಯ ಮುಂದಿನ ಮಗುವಿಗೆ ಹೋಯಿತು. ಬಿ.ಪಿ. ನೋಡಿಸಿಕೊಳ್ಳುತ್ತಾ ಆಕೆ ಅದನ್ನು ದೂರೆಂದಲ್ಲ, ಮಳೆ ಬಂದ ಸುದ್ದಿಯಂತೆ ಹೇಳಿದರು. ಅದೇ ದಾರಿಯಲ್ಲಿ ದಿನವೂ ಮಗನನ್ನು ಶಾಲೆಗೆ ಬಿಡುತ್ತಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ನಿಮ್ಮ ಕ್ಲಿನಿಕ್ಕಿಗೂ ಚಾರ್ಟರ್ ಶಾಲೆ, ಹಳೆಯ ಸರ್ಕಾರಿ ಶಾಲೆ ಎರಡರ ತಂದೆತಾಯಂದಿರೂ ಬರುತ್ತಾರೆ, ಹಾಗಾಗಿ ಯಾವ ಶಾಲೆಯನ್ನೂ ಅವರೆದುರು ಹಳಿಯಬೇಡಿ. ಮನೆ ಬಾಡಿಗೆಗೆ ಹಿಡಿಯುವ ಮೊದಲು ಬಸ್ಸು ಯಾವ ರಸ್ತೆಯವರೆಗೆ ಬರುತ್ತದೆಂದು ಫೋನಿನಲ್ಲಿ ಕೇಳಿಕೊಳ್ಳಿ. ನಿಮ್ಮ ಮನೆಯವರಿಗೂ ಬಂದ ಕೂಡಲೇ ಡ್ರೈವಿಂಗ್ ಕಲಿಸಿ.